ಕಪ್ಪು ಪರದೆಯ ಹಿಂದೆ

ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದರೆ ಕೆಲವೇ ಕಿಲೋಮೀಟರಿಗೆ ಗೂಳೂರು ಬರುತ್ತದೆ. ನಾಡಿಗೆಲ್ಲ ಇದು ಗಣಪನ ಊರು. ಬೇರೆ ಊರುಗಳಲ್ಲಿ ಚೌತಿಯ ದಿನ ಗಣಪನನ್ನು ಕೂರಿಸುತ್ತಾರೆ. ಇಲ್ಲಿ ಅಂದು ಮೂರ್ತಿ ಮಾಡುವ ಕೆಲಸವೇ ಶುರುವಾಗುತ್ತದೆ. ದೀಪಾವಳಿಯ ಹೊತ್ತಿಗೆ ಆಳೆತ್ತರ ಮೀರಿದ ಮಣ್ಣಿನ ಗಣಪ ಸಿದ್ಧನಾಗುತ್ತಾನೆ, ಕಾರ್ತಿಕವೆಲ್ಲ ಪೂಜೆ, ಆಮೇಲೆ ಕೆರೆಯಲ್ಲಿ ವಿಸರ್ಜನೆ. ಆ ದಿನಗಳಲ್ಲಿ ಮೊಬೈಲಿನಲ್ಲಿ ತೆಗೆದ ಚಿತ್ರಗಳು ಕೊನೆಗೆ ಬಂದು ಸೇರುವುದು ಮನೆಯ ಕಂಪ್ಯೂಟರಿಗೆ. ಮಕ್ಕಳ ಕಾಲೇಜಿನ ಪ್ರಾಜೆಕ್ಟು, ಪಹಣಿಯ ಪ್ರತಿ, ಮದುವೆಯ ವಿಡಿಯೋ, ತೋಟದ ಲೆಕ್ಕ ಎಲ್ಲವೂ ಅದರಲ್ಲೇ ಇರುತ್ತವೆ.

ಒಂದು ದಿನ ಬೆಳಿಗ್ಗೆ ಸ್ವಿಚ್ ಹಾಕಿದರೆ ಫ್ಯಾನಿನ ಸದ್ದು ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಮನೆಯವರು ಮೊದಲು ಮಾನಿಟರಿನ ತಲೆಗೆ ಎರಡು ಏಟು ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮಾನಿಟರು, ಡಬ್ಬ, ಕೀಬೋರ್ಡು ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ತುಮಕೂರಿನ ಅಂಗಡಿಗೆ ಹೊರಡುತ್ತಾರೆ. ಹಾಗೆ ಹೊರಡುವ ಮುಂಚೆ ಮನೆಯಲ್ಲೇ ಕಳೆಯಬೇಕಾದ ಅರ್ಧ ಗಂಟೆಯೊಂದಿದೆ. ಆ ಅರ್ಧ ಗಂಟೆಗೆ ಬೇಕಾದ ವಿಜ್ಞಾನ ಹೈಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಹೆಚ್ಚೇನೂ ಇಲ್ಲ.

ಮೊದಲು ಮನಸ್ಸಿಗೆ ಹಾಕಿಕೊಳ್ಳಬೇಕಾದ ವಿಷಯ ಇದು: ದೋಷ ಕಾಣುವುದು ಪರದೆಯಲ್ಲಿ, ಆದರೆ ಅದು ಇರುವುದು ಎಲ್ಲಿ ಬೇಕಾದರೂ ಆಗಿರಬಹುದು. ಗೋಡೆಯ ಸಾಕೆಟ್ಟಿನಿಂದ ನಮ್ಮ ಕಣ್ಣಿನವರೆಗೆ ಒಂದು ಸರಪಳಿ ಇದೆ. ಸಾಕೆಟ್ಟಿನ 230 ವೋಲ್ಟ್ ಕರೆಂಟನ್ನು ಡಬ್ಬದೊಳಗಿನ ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟಿಗೆ ಇಳಿಸುತ್ತದೆ. ಅದರಿಂದ ಮದರ್‌ಬೋರ್ಡ್ ಎದ್ದು, ರ್‍ಯಾಮನ್ನು ತಡವಿ ನೋಡಿ, ಗ್ರಾಫಿಕ್ಸ್ ಭಾಗಕ್ಕೆ ಚಿತ್ರ ಬಿಡಿಸಲು ಹೇಳುತ್ತದೆ. ಆ ಚಿತ್ರ ಕೇಬಲ್ಲಿನಲ್ಲಿ ಹರಿದು ಮಾನಿಟರಿಗೆ ಬರುತ್ತದೆ. ಮಾನಿಟರಿನೊಳಗಿನ ಬೋರ್ಡು ಅದನ್ನು ಅರ್ಥ ಮಾಡಿಕೊಂಡು ಗಾಜಿನ ಫಲಕಕ್ಕೆ ಕೊಡುತ್ತದೆ. ಫಲಕದ ಹಿಂದಿನ ದೀಪ ಬೆಳಕು ಚೆಲ್ಲುತ್ತದೆ. ಇದರಲ್ಲಿ ಯಾವ ಕೊಂಡಿ ಕಳಚಿದರೂ ನಮಗೆ ಕಾಣುವುದು ಅದೇ ಕಪ್ಪು.

ಸರಪಳಿಯಲ್ಲಿ ಎಂಟು ಕೊಂಡಿಗಳಿವೆ ಎಂದುಕೊಳ್ಳಿ. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಏಳು ಸಲ ನೋಡಬೇಕಾದೀತು. ಆದರೆ ಮಧ್ಯದಲ್ಲಿ ನಿಂತು ಇಲ್ಲಿಯವರೆಗೆ ಸರಿಯಿದೆಯೇ ಎಂದು ಕೇಳಿದರೆ ಒಂದೇ ಉತ್ತರಕ್ಕೆ ನಾಲ್ಕು ಕೊಂಡಿಗಳು ಅನುಮಾನದಿಂದ ಪಾರಾಗುತ್ತವೆ. ಉಳಿದ ನಾಲ್ಕರ ಮಧ್ಯದಲ್ಲಿ ಮತ್ತೆ ಕೇಳಿದರೆ ಎರಡು, ಇನ್ನೊಮ್ಮೆ ಕೇಳಿದರೆ ಒಂದು. ಮೂರು ಪ್ರಶ್ನೆಗೆ ಕೆಲಸ ಮುಗಿಯಿತು. ನುರಿತ ರಿಪೇರಿಯವರು ತಿಳಿದೋ ತಿಳಿಯದೆಯೋ ಮಾಡುವುದು ಇದನ್ನೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದು ಇದರ ಜೊತೆಗಿನ ನಿಯಮ. ಕೇಬಲ್ಲು, ಪ್ಲಗ್ಗು, ರ್‍ಯಾಮು ಮೂರನ್ನೂ ಒಟ್ಟಿಗೆ ಬದಲಿಸಿ ಕಂಪ್ಯೂಟರ್ ಸರಿಹೋದರೆ ಇವತ್ತಿನ ಮಟ್ಟಿಗೆ ಸಂತೋಷ, ಆದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು.

ಮೂರು ಪ್ರಶ್ನೆಗಳು

ಮೊದಲ ಪ್ರಶ್ನೆ: ಕಂಪ್ಯೂಟರಿಗೆ ಜೀವ ಇದೆಯೇ? ಫ್ಯಾನ್ ತಿರುಗುತ್ತಿರುವುದು ಇದಕ್ಕೆ ಉತ್ತರವಾಗದು, ಏಕೆಂದರೆ ಫ್ಯಾನಿಗೆ 12 ವೋಲ್ಟ್ ಸಿಕ್ಕರೆ ಸಾಕು, ಅದು ತಿರುಗುತ್ತದೆ. ಸ್ವಿಚ್ ಹಾಕಿ ಒಂದೆರಡು ನಿಮಿಷ ಬಿಟ್ಟು ಕೀಬೋರ್ಡಿನ ನಮ್ ಲಾಕ್ ಗುಂಡಿ ಒತ್ತಿ ನೋಡಿ. ಒತ್ತಿದಾಗಲೆಲ್ಲ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಪ್ರೊಸೆಸರು ನಿಮ್ಮ ಮಾತು ಕೇಳುತ್ತಿದೆ ಎಂದರ್ಥ. ಆ ದೀಪವನ್ನು ಹತ್ತಿಸುವುದು ಕೀಬೋರ್ಡ್ ಅಲ್ಲ. ಗುಂಡಿ ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಬಂದ ಮೇಲೆಯೇ ಅದು ಹತ್ತುತ್ತದೆ. ಸ್ಪೀಕರ್ ಇದ್ದು ವಿಂಡೋಸ್ ಶುರುವಾಗುವ ಸದ್ದು ಕೇಳಿಸಿದರೂ ಇದೇ ತೀರ್ಮಾನ. ಆಗ ದೋಷ ಚಿತ್ರ ಹೊರಡುವ ಜಾಗದಿಂದ ಆಚೆಗೆ, ಅಂದರೆ ಗ್ರಾಫಿಕ್ಸ್, ಕೇಬಲ್ ಅಥವಾ ಮಾನಿಟರಿನಲ್ಲಿ ಇದೆ.

ಎರಡನೆಯ ಪ್ರಶ್ನೆ: ಮಾನಿಟರ್ ತನ್ನದೇ ಅಕ್ಷರ ತೋರಿಸಬಲ್ಲದೇ? ಮಾನಿಟರಿನ ಕೆಳಗೋ ಪಕ್ಕದಲ್ಲೋ ಮೆನು ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಬರುವ ಪಟ್ಟಿ ಕಂಪ್ಯೂಟರಿನಿಂದ ಬಂದದ್ದಲ್ಲ, ಮಾನಿಟರ್ ತಾನೇ ಬರೆದದ್ದು. ಕೇಬಲ್ ಕಿತ್ತಾಗ ಬರುವ ‘ಸಿಗ್ನಲ್ ಇಲ್ಲ’ ಎಂಬ ಸೂಚನೆಯೂ ಹಾಗೆಯೇ. ಅದು ಚೊಕ್ಕವಾಗಿ ಕಂಡರೆ ಮಾನಿಟರಿನ ಕರೆಂಟು, ಬೋರ್ಡು, ಹಿಂದಿನ ದೀಪ, ಗಾಜು ಅಷ್ಟೂ ಸರಿಯಾಗಿವೆ. ಈ ಸೂಚನೆಯನ್ನು ಕಂಡೇ ಎಷ್ಟೋ ಜನ ಮಾನಿಟರ್ ಕೆಟ್ಟಿತು ಎಂದು ಹೇಳುತ್ತಾರೆ. ನಿಜವಾಗಿ ಅದು ಮಾನಿಟರ್ ಚೆನ್ನಾಗಿದೆ ಎಂಬುದಕ್ಕೆ ಸಿಗುವ ಅತ್ಯುತ್ತಮ ಸಾಕ್ಷಿ.

ಮೂರನೆಯದಕ್ಕೆ ಮನೆಯ ಟಿವಿಯೇ ಸಾಕು. ಈಗಿನ ಬಹುತೇಕ ಟಿವಿಗಳಲ್ಲಿ ಸೆಟ್‌ಟಾಪ್ ಬಾಕ್ಸಿಗೆ ಬಳಸುವ ಎಚ್‌ಡಿಎಂಐ ಕೇಬಲ್ ಇರುತ್ತದೆ. ಎರಡೂ ಯಂತ್ರಗಳನ್ನು ಆರಿಸಿ, ಆ ಕೇಬಲನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಮತ್ತೆ ಹಾಕಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ಕಂಪ್ಯೂಟರ್ ನಿರ್ದೋಷಿ. ಲ್ಯಾಪ್‌ಟಾಪಿಗಂತೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಟಿವಿಯಲ್ಲಿ ಚಿತ್ರ ಬಂದು ಲ್ಯಾಪ್‌ಟಾಪಿನಲ್ಲಿ ಬಾರದಿದ್ದರೆ, ಮುಚ್ಚಳ ಮುಚ್ಚಿ ತೆಗೆಯುವ ಕೀಲಿನ ಮೂಲಕ ಹಾದುಹೋಗುವ ತೆಳು ಕೇಬಲ್ಲಿನ ಮೇಲೆ ಮೊದಲ ಅನುಮಾನ ಪಡಬೇಕು. ದಿನವೂ ಮಡಚಿ ಬಿಚ್ಚಿ ಸವೆಯುವುದು ಅದೇ.

ಇಲ್ಲಿ ಇನ್ನೆರಡು ಮಾತು. ಡಬ್ಬದ ಹಿಂದೆ ಮಾನಿಟರ್ ಸಿಕ್ಕಿಸಲು ಎರಡು ಕಡೆ ಜಾಗ ಇರಬಹುದು: ಒಂದು ಮದರ್‌ಬೋರ್ಡಿನದು, ಇನ್ನೊಂದು ಕೆಳಗೆ ಅಡ್ಡಲಾಗಿ ಕೂತ ಗ್ರಾಫಿಕ್ಸ್ ಕಾರ್ಡಿನದು. ಕಾರ್ಡ್ ಇರುವ ಯಂತ್ರದಲ್ಲಿ ಮದರ್‌ಬೋರ್ಡಿನ ಜಾಗ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಮನೆ ಗುಡಿಸುವಾಗ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸುವಾಗ ಜಾಗ ಅದಲುಬದಲಾದರೆ ಏನೂ ಕೆಡದೆಯೇ ಪರದೆ ಕಪ್ಪಾಗುತ್ತದೆ. ಎರಡನೆಯದಾಗಿ, ಚಿತ್ರವನ್ನು ಯಾವ ಪರದೆಗೆ ಕಳಿಸಬೇಕು ಎಂಬ ಆಯ್ಕೆ ವಿಂಡೋಸಿನಲ್ಲಿದೆ. ಮಕ್ಕಳ ಕೈತಪ್ಪಿ ಅದು ಇಲ್ಲದ ಎರಡನೆಯ ಪರದೆಗೆ ತಿರುಗಿಬಿಟ್ಟಿರಬಹುದು. ವಿಂಡೋಸ್ ಚಿಹ್ನೆಯ ಗುಂಡಿಯನ್ನು ಒತ್ತಿ ಹಿಡಿದು ಪಿ ಒತ್ತಿದರೆ ಆ ಆಯ್ಕೆ ಬರುತ್ತದೆ.

ಜೀವವೇ ಇಲ್ಲದಿದ್ದರೆ

ನಮ್ ಲಾಕ್ ದೀಪ ಮಿಸುಕದಿದ್ದರೆ ಸರಪಳಿಯ ಮೊದಲರ್ಧಕ್ಕೆ ಬರಬೇಕು. ಕಂಪ್ಯೂಟರ್ ಎದ್ದ ತಕ್ಷಣ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಚಿತ್ರ ತೋರಿಸುವ ಮೊದಲು ರ್‍ಯಾಮ್ ಸಿಗಬೇಕು. ಅದು ಸಿಗದಿದ್ದರೆ ‘ರ್‍ಯಾಮ್ ಸಿಗಲಿಲ್ಲ’ ಎಂದು ಪರದೆಯ ಮೇಲೆ ಬರೆಯಲೂ ಅದಕ್ಕೆ ಆಗುವುದಿಲ್ಲ. ಆದ್ದರಿಂದಲೇ ಹಲವು ಮದರ್‌ಬೋರ್ಡುಗಳು ಬೀಪ್ ಎಂದು ಕೂಗಿ ಸಂಕಟ ಹೇಳಿಕೊಳ್ಳುತ್ತವೆ. ಉದ್ದ ಎಷ್ಟು, ಗಿಡ್ಡ ಎಷ್ಟು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಅವುಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಮದರ್‌ಬೋರ್ಡಿನ ಹೆಸರು ಹೇಳಿದರೆ ತಿಳಿದವರು ಅದನ್ನು ಬಿಡಿಸಿ ಹೇಳುತ್ತಾರೆ.

ರ್‍ಯಾಮ್ ಎಂಬುದು ಅಂಗೈ ಉದ್ದದ ಪಟ್ಟಿ. ಅದರ ಅಂಚಿಗೆ ಚಿನ್ನದ ಲೇಪದ ಸಣ್ಣ ಹಲ್ಲುಗಳಿವೆ. ಡಿಡಿಆರ್4 ಬಗೆಯದರಲ್ಲಿ 288. ಇವು ಸ್ಲಾಟಿನೊಳಗಿನ ಸ್ಪ್ರಿಂಗಿನಂಥ ತಂತಿಗಳನ್ನು ಒತ್ತಿಕೊಂಡು ಕೂರುತ್ತವೆ. ವರ್ಷಗಟ್ಟಲೆ ಬಿಸಿಯಾಗಿ ತಣಿದು, ಲೋಹ ಹಿಗ್ಗಿ ಕುಗ್ಗಿ, ಕೂತ ಜಾಗದಿಂದ ಕೂದಲೆಳೆಯಷ್ಟು ಸರಿದರೂ ಸಾಕು. ನಡುವೆ ದೂಳು, ಎಣ್ಣೆಯಂಶ, ತೇವ ಸೇರಿ ತೆಳು ಪೊರೆ ಕಟ್ಟಿದರೂ ಸಾಕು. ಮೂರು ವೋಲ್ಟನ್ನೂ ಮುಟ್ಟದ ಸಂಕೇತಗಳಿಗೆ ಆ ಪೊರೆಯೇ ಗೋಡೆಯಾಗುತ್ತದೆ. ಪಟ್ಟಿಯನ್ನು ಬಿಚ್ಚಿ ಮತ್ತೆ ಕಚಕ್ ಎನ್ನುವಂತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುವುದು ಇದೇ ಕಾರಣಕ್ಕೆ. ಅಂಗಡಿಯವರು ಪೆನ್ಸಿಲಿನ ರಬ್ಬರಿನಿಂದ ಆ ಹಲ್ಲುಗಳನ್ನು ಉಜ್ಜುವುದನ್ನು ನೀವು ನೋಡಿರಬಹುದು. ಅದು ಕೆಲಸ ಮಾಡುತ್ತದೆ, ಆದರೆ ಮೆಲ್ಲಗೆ ಉಜ್ಜಬೇಕು, ಪುಡಿ ಉಳಿಯಬಾರದು. ಚಿನ್ನದ ಲೇಪ ತೀರ ತೆಳು. ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟು ಇಳಿಯಲು ಬಿಡಿ. ಡಬ್ಬದ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ. ಒಣಹವೆಯಲ್ಲಿ ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತು ಸಾವಿರಾರು ವೋಲ್ಟ್ ಇರುತ್ತದೆ. ನಮಗೆ ಅದು ಚುರುಕ್ ಎನ್ನಿಸಿ ಮರೆತುಹೋಗುತ್ತದೆ, ಚಿಪ್ಪಿಗೆ ಮಾತ್ರ ಅದೇ ಕೊನೆಯಾಗಬಹುದು.

ಇನ್ನು ಕರೆಂಟಿನ ವಿಷಯ. ಹಳ್ಳಿಯಾಗಲಿ ಹೋಬಳಿ ಊರಾಗಲಿ, ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಏರಿದಾಗ ಬಲ್ಬು ಡಿಮ್ಮಾಗುವುದನ್ನು ಎಲ್ಲರೂ ಕಂಡಿದ್ದೇವೆ. ಎಸ್‌ಎಂಪಿಎಸ್ ಸ್ವಲ್ಪ ಏರುಪೇರನ್ನು ತಡೆದುಕೊಳ್ಳುತ್ತದೆ. ವೋಲ್ಟೇಜ್ ಇಳಿದಾಗ ಅದೇ ಶಕ್ತಿಯನ್ನು ಕೊಡಲು ಅದು ಹೆಚ್ಚು ಕರೆಂಟನ್ನು ಎಳೆಯುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಬಿಸಿಯ ಏಟು ಮೊದಲು ಬೀಳುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಮೇಲೆ. ಒಳಗೆ ದ್ರವ ತುಂಬಿದ ಈ ಪುಟ್ಟ ಡಬ್ಬಿಗಳ ಆಯುಸ್ಸು ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಚಪ್ಪಟೆ ಇರಬೇಕಾದ ತಲೆ ಉಬ್ಬಿದ್ದರೆ ಆ ಕೆಪಾಸಿಟರ್ ಮುಗಿಯಿತು ಎಂದೇ ಅರ್ಥ. ಮಾನಿಟರ್ ಹತ್ತಿದ ಕೂಡಲೇ ಆರುವುದು, ಹತ್ತು ನಿಮಿಷ ಕಾದ ಮೇಲೆ ಸರಿಯಾಗಿ ನಡೆಯುವುದು, ಇಂಥವುಗಳ ಹಿಂದೆ ಅನೇಕ ಸಲ ಇರುವುದು ಹತ್ತಿಪ್ಪತ್ತು ರೂಪಾಯಿಯ ಈ ಡಬ್ಬಿ. ಇದನ್ನು ಬದಲಿಸಬಲ್ಲವರು ಸಿಕ್ಕರೆ ಹೊಸ ಮಾನಿಟರ್ ಬೇಕಿಲ್ಲ.

ಡಬ್ಬ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹಾಗಾದರೆ ಸಾಕೆಟ್ಟಿನ ಮೂರನೆಯ ತೂತಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ಸಿನ ಬಾಗಿಲಲ್ಲಿ ಇರುವ ಶೋಧಕ ಕೆಪಾಸಿಟರುಗಳು ಸಣ್ಣ ಕರೆಂಟನ್ನು ಭೂಮಿಗೆ ಇಳಿಸಬೇಕು. ದಾರಿ ಇಲ್ಲದಿದ್ದರೆ ಡಬ್ಬದ ಮೈಯೇ ಸುಮಾರು ನೂರು ವೋಲ್ಟಿಗೆ ಏರಿ ಕೂರುತ್ತದೆ. ಅಂಥ ಕಂಪ್ಯೂಟರನ್ನು ಚಾಲೂ ಇರುವಾಗಲೇ ಟಿವಿಗೆ ಸಿಕ್ಕಿಸಿದರೆ ಆ ವ್ಯತ್ಯಾಸವೆಲ್ಲ ಎಚ್‌ಡಿಎಂಐ ತೂತಿನ ಮೂಲಕ ಹರಿದು ಅದನ್ನೇ ಸುಡಬಹುದು. ಟಿವಿ ಪರೀಕ್ಷೆಯಲ್ಲಿ ಎರಡನ್ನೂ ಆರಿಸಿ ಎಂದು ಹೇಳಿದ್ದು ಅದಕ್ಕೇ. ಮನೆ ಕಟ್ಟಿಸುವಾಗ ಟೈಲ್ಸಿಗೆ ತೋರಿಸುವ ಆಸಕ್ತಿಯಲ್ಲಿ ಒಂದು ಪಾಲನ್ನು ಅರ್ಥಿಂಗಿಗೆ ತೋರಿಸಿದರೆ ಯಂತ್ರವೂ ಉಳಿಯುತ್ತದೆ, ಮನುಷ್ಯರೂ ಉಳಿಯುತ್ತಾರೆ. ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲು ಹೊತ್ತು ಬರುವ ಕಾಲದಲ್ಲಿ ಸ್ವಿಚ್ ಆರಿಸುವುದಷ್ಟೇ ಸಾಲದು; ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ಸ್ವಿಚ್ಚಿನೊಳಗಿನ ಒಂದೆರಡು ಮಿಲಿಮೀಟರಿನ ಅಂತರ ಸಿಡಿಲಿನ ವೋಲ್ಟೇಜಿಗೆ ಲೆಕ್ಕಕ್ಕಿಲ್ಲ.

ಬಣ್ಣ ಕೆಟ್ಟರೆ ಬಣ್ಣವೇ ಹೇಳುತ್ತದೆ

ಪರದೆ ಪೂರ್ತಿ ಕಪ್ಪಾಗುವುದಕ್ಕಿಂತ ಅರ್ಧಂಬರ್ಧ ಕೆಡುವುದು ಹೆಚ್ಚು ಕುತೂಹಲದ ವಿಷಯ, ಏಕೆಂದರೆ ಆಗ ಚಿತ್ರವೇ ಸಾಕ್ಷಿ ಹೇಳುತ್ತದೆ. ಗೂಳೂರು ಗಣಪನ ಫೋಟೋ ತೆರೆದಿರಿ ಎನ್ನಿ. ಹಿಂದಿನ ಸುಣ್ಣದ ಗೋಡೆ ಕಣ್ಣಿಗೆ ಹೊಡೆಯುವ ಹಳದಿಯಾಗಿ ಕಾಣುತ್ತಿದೆ. ಪರದೆಯ ಬಿಳಿ ಎಂಬುದು ಕೆಂಪು, ಹಸಿರು, ನೀಲಿ ಬೆಳಕುಗಳ ಮೊತ್ತ. ಅದರಲ್ಲಿ ನೀಲಿ ಕಳೆದರೆ ಉಳಿಯುವುದು ಕೆಂಪು ಮತ್ತು ಹಸಿರು. ಅವೆರಡೂ ಕೂಡಿದರೆ ಹಳದಿ. ಹಾಗೆಯೇ ಹಸಿರು ಕಳೆದರೆ ಗೋಡೆ ಸೀರೆ ಅಂಗಡಿಯವರು ರಾಣಿ ಪಿಂಕ್ ಎನ್ನುವ ಬಣ್ಣಕ್ಕೆ ತಿರುಗುತ್ತದೆ, ಕೆಂಪು ಕಳೆದರೆ ಹಸಿರು ಬೆರೆತ ತಿಳಿನೀಲಿಗೆ. ನೀಲಿ ತಿರುಪುಗಳ ಹಳೆಯ ವಿಜಿಎ ಕೇಬಲ್ಲಿನಲ್ಲಿ ಈ ಮೂರು ಬಣ್ಣಗಳಿಗೆ ಮೂರು ಬೇರೆ ಬೇರೆ ತಂತಿಗಳು: ಒಂದನೆಯ ಪಿನ್ನಿನಲ್ಲಿ ಕೆಂಪು, ಎರಡನೆಯದರಲ್ಲಿ ಹಸಿರು, ಮೂರನೆಯದರಲ್ಲಿ ನೀಲಿ. ಗೋಡೆ ಹಳದಿಯಾದರೆ ಮೂರನೆಯ ಪಿನ್ ಬಾಗಿದೆಯೇ ನೋಡಿ. ಒಂಬತ್ತನೆಯ ಪಿನ್ ಅನೇಕ ಕೇಬಲ್ಲುಗಳಲ್ಲಿ ಇರುವುದೇ ಇಲ್ಲ. ಅದು ಮುರಿದಿದೆ ಎಂದು ಗಾಬರಿ ಬೇಡ. ಬಿಳಿ ತುಸುವೇ ಬೆಚ್ಚಗೆ, ಹಳೆಯ ಕಾಗದದ ಬಣ್ಣಕ್ಕೆ ತಿರುಗಿದ್ದರೆ ಕೇಬಲ್ಲಿನ ಮೇಲೆ ಅನುಮಾನ ಪಡುವ ಮುಂಚೆ ವಿಂಡೋಸಿನ ‘ನೈಟ್ ಲೈಟ್’ ಎಂಬ ಆಯ್ಕೆ ಚಾಲೂ ಆಗಿದೆಯೇ ಎಂದು ನೋಡಬೇಕು.

ಗೆರೆಗಳು, ಚೌಕಗಳು, ಮಿನುಗು ಚುಕ್ಕೆಗಳು ಕಂಡರೆ ಒಂದು ಸೊಗಸಾದ ಪರೀಕ್ಷೆ ಇದೆ. ಪ್ರಿಂಟ್ ಸ್ಕ್ರೀನ್ ಗುಂಡಿಯಿಂದ ಪರದೆಯ ಪ್ರತಿ ತೆಗೆದು ಮೊಬೈಲಿಗೆ ಕಳಿಸಿ. ಮೊಬೈಲಿನಲ್ಲೂ ಗೆರೆ ಕಂಡರೆ ಚಿತ್ರ ಕಂಪ್ಯೂಟರಿನೊಳಗೇ ಕೆಟ್ಟಿದೆ. ಗ್ರಾಫಿಕ್ಸ್ ಚಿಪ್ಪು ಬಿಸಿಯಾಗುತ್ತಿರಬಹುದು, ಇಲ್ಲವೇ ಅದರ ಡ್ರೈವರ್ ಎಂಬ ತಂತ್ರಾಂಶ ಕೈಕೊಟ್ಟಿರಬಹುದು. ಮೊಬೈಲಿನಲ್ಲಿ ಚಿತ್ರ ಚೊಕ್ಕವಾಗಿದ್ದರೆ ದೋಷ ಬಹುಪಾಲು ಕೇಬಲ್ಲಿನಲ್ಲೋ ಮಾನಿಟರಿನಲ್ಲೋ ಇದೆ. ಒಂದು ಕಾಸಿನ ಖರ್ಚಿಲ್ಲದೆ ಸರಪಳಿ ಎರಡು ತುಂಡಾಯಿತು.

ಫಲಕದ ಮೇಲೆ ನೆಟ್ಟಗೆ ನಿಂತ ಒಂದೇ ಗೆರೆ ಮಾತ್ರ ಬೇರೆ ಕಥೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು. ಪ್ರತಿ ಬಿಂದುವಿಗೂ ಮೂರು ಬಣ್ಣದ ಮನೆಗಳು. ಒಟ್ಟು 62 ಲಕ್ಷಕ್ಕೂ ಮಿಕ್ಕಿ ಮನೆಗಳು, ಪ್ರತಿಯೊಂದಕ್ಕೂ ಒಂದು ಟ್ರಾನ್ಸಿಸ್ಟರ್. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆಯಲಾಗದು, ಆದ್ದರಿಂದ ಸಾಲುಗಳಿಗೂ ಕಂಬಸಾಲುಗಳಿಗೂ ತಂತಿ ಹಾಕಿ ಅಂಚಿನಿಂದ ಆಳುತ್ತಾರೆ. ಒಂದು ಕಂಬಸಾಲಿನ ತಂತಿ ಅಂಚಿನಲ್ಲಿ ಅಂಟು ಬಿಟ್ಟರೆ ಮೇಲಿನಿಂದ ಕೆಳಗಿನವರೆಗೆ ಗೆರೆ ಬೀಳುತ್ತದೆ. ಇದು ಮನೆಯಲ್ಲಿ ಸರಿಮಾಡುವ ಕೆಲಸವಲ್ಲ. ಅಂಚನ್ನು ಬೆರಳಿನಿಂದ ಒತ್ತಿದಾಗ ಗೆರೆ ಮಾಯವಾದರೂ ಒತ್ತುತ್ತ ಕೂರಬೇಡಿ, ಗಾಜು ಬಿರಿಯುತ್ತದೆ.

ದೀಪ, ಗಾಜು, ಮತ್ತು ನಮ್ಮ ಬೆಂಗಳೂರು

ಈ ಫಲಕ ತಾನಾಗಿ ಬೆಳಗುವುದಿಲ್ಲ. ತೊಗಲುಗೊಂಬೆಯಾಟದಲ್ಲಿ ಬಣ್ಣದ ತೊಗಲಿನ ಹಿಂದೆ ದೀಪ ಇಟ್ಟಂತೆ, ಇಲ್ಲಿ ಗಾಜಿನ ಹಿಂದೆ ಎಲ್ಇಡಿ ಸಾಲು ಇರುತ್ತದೆ. ದೀಪ ಆರಿದರೆ ಗೊಂಬೆ ಕುಣಿಯುತ್ತಲೇ ಇದ್ದರೂ ಯಾರಿಗೂ ಕಾಣದು. ಕೋಣೆ ಕತ್ತಲು ಮಾಡಿ, ಕಪ್ಪಾದ ಪರದೆಯ ಹತ್ತಿರ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿಹ್ನೆಗಳೋ ಅಕ್ಷರಗಳೋ ಕಂಡರೆ ಚಿತ್ರ ಇದೆ, ಹಿಂದಿನ ದೀಪ ಮಾತ್ರ ಸತ್ತಿದೆ. ಇದನ್ನು ಹೇಳಬಲ್ಲ ಗ್ರಾಹಕನಿಗೆ ಹೊಸ ಫಲಕದ ಬೆಲೆ ಹೇಳುವುದು ಯಾರಿಗೂ ಸುಲಭವಾಗದು.

ದೀಪದ ಬೆಳಕಿನಲ್ಲಿ ಹತ್ತನೆಯ ಒಂದು ಪಾಲೂ ನಮ್ಮ ಕಣ್ಣಿಗೆ ಬಾರದು. ಗಾಜಿನ ಎರಡು ಕಡೆ ಪೋಲರಾಯ್ಡ್ ಹಾಳೆಗಳಿವೆ. ಮೊದಲನೆಯದು ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಟ್ಟು ಉಳಿದರ್ಧವನ್ನು ನುಂಗುತ್ತದೆ, ಬಣ್ಣದ ಶೋಧಕಗಳು ಮೂರರಲ್ಲಿ ಎರಡು ಪಾಲು ನುಂಗುತ್ತವೆ. ಪೋಲರಾಯ್ಡ್ ತಂಪುಕನ್ನಡಕ ಇದ್ದರೆ ಅದನ್ನು ಪರದೆಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಎರಡು ಹಾಳೆಗಳ ನಡುವೆ ಕೆಲವೇ ಮೈಕ್ರೋಮೀಟರ್ ದಪ್ಪಕ್ಕೆ ತುಂಬಿರುವುದೇ ದ್ರವ ಸ್ಫಟಿಕ. ಹರಿಯುವುದರಲ್ಲಿ ಅದು ದ್ರವ, ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದರಲ್ಲಿ ಸ್ಫಟಿಕ. ವೋಲ್ಟೇಜ್ ಕೊಟ್ಟಾಗ ಆ ಅಣುಗಳು ತಿರುಗಿ ಬೆಳಕಿನ ಕಂಪನದ ದಿಕ್ಕನ್ನು ಬದಲಿಸುತ್ತವೆ. ಎರಡನೆಯ ಹಾಳೆ ಅದನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ.

1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸಿದಾಗ ಅದು ಎರಡು ಸಲ ಕರಗಿದಂತೆ ಕಂಡಿತು: ಸುಮಾರು 145 ಡಿಗ್ರಿಯಲ್ಲಿ ಮೋಡದಂಥ ದ್ರವ, ಸುಮಾರು 178ರಲ್ಲಿ ತಿಳಿ ದ್ರವ. ಆ ನಡುವಿನ ಸ್ಥಿತಿಯೇ ದ್ರವ ಸ್ಫಟಿಕ. ಆಮೇಲಿನ ಸುಮಾರು ತೊಂಬತ್ತು ವರ್ಷ ಕಡ್ಡಿಯಂತೆ ಉದ್ದನೆಯ ಅಣುಗಳು ಮಾತ್ರ ಹೀಗೆ ನಡೆದುಕೊಳ್ಳುತ್ತವೆ ಎಂದೇ ಎಲ್ಲರೂ ನಂಬಿದ್ದರು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಪ್ರಬಂಧ ಪ್ರಕಟವಾದದ್ದು ಇಲ್ಲಿನದೇ ಪತ್ರಿಕೆ ‘ಪ್ರಮಾಣ’ದಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿ ಬಂದಿದ್ದ ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕಗಳಿಗೇ ಮೀಸಲಾದ ಸಂಶೋಧನಾ ಕೇಂದ್ರವನ್ನೂ ಸ್ಥಾಪಿಸಿದರು.

ಇದಕ್ಕೂ ನಮ್ಮ ರಿಪೇರಿಗೂ ಏನು ಸಂಬಂಧ ಎಂದರೆ, ನೇರ ಸಂಬಂಧವೇ ಇದೆ. ಅಗ್ಗದ ಪರದೆಯನ್ನು ಕೆಳಗಿನಿಂದಲೋ ಪಕ್ಕದಿಂದಲೋ ನೋಡಿದರೆ ಬಣ್ಣ ಉಲ್ಟಾ ಆಗಿ ಮುಖಗಳು ಕಪ್ಪಾಗುತ್ತವೆ. ಮಾನಿಟರ್ ಕೆಟ್ಟಿದೆ ಎಂದು ಅಂಗಡಿಗೆ ಹೋಗುವ ದೂರುಗಳಲ್ಲಿ ಇದೂ ಒಂದು. ಇದು ದೋಷವಲ್ಲ. ಓರೆಯಾಗಿ ನಿಂತ ಕಡ್ಡಿ ಅಣುಗಳ ಮೂಲಕ ಬೆಳಕು ಬೇರೆ ಬೇರೆ ಕೋನದಲ್ಲಿ ಬೇರೆ ಬೇರೆಯಾಗಿ ಹಾಯುವುದರ ಫಲ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆ ಅಣುಗಳನ್ನು ಬಳಿದ ತೆಳು ಹಾಳೆಯೊಂದನ್ನು ತಯಾರಿಸಿ ಪರದೆಗೆ ಅಂಟಿಸಿತು. ಕಡ್ಡಿಗಳು ಮಾಡಿದ ತಪ್ಪನ್ನು ಬಿಲ್ಲೆಗಳು ಬಹುಮಟ್ಟಿಗೆ ತಿದ್ದಿದವು. ಬೆಂಗಳೂರಿನ ಪ್ರಯೋಗಾಲಯದ ಶೋಧ ಹೀಗೆ ಜಗತ್ತಿನ ಮೇಜುಮೇಜಿಗೂ ಹೋಯಿತು. ಮಾನಿಟರನ್ನು ಕಣ್ಣಿನ ಎತ್ತರಕ್ಕೆ ಏರಿಸಿ ಇಟ್ಟರೆ ನಿಮ್ಮ ದೂರು ಅಲ್ಲಿಗೇ ಮುಗಿಯಬಹುದು.

ಚೌಕಗಳಾದ ಕನ್ನಡ

ಕನ್ನಡ ಬಳಸುವ ಮನೆಗಳಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ: ಪರದೆ ಚೆನ್ನಾಗಿದೆ, ಇಂಗ್ಲಿಷ್ ಚೆನ್ನಾಗಿದೆ, ಕನ್ನಡ ಇರಬೇಕಾದಲ್ಲಿ ಖಾಲಿ ಚೌಕಗಳು ಅಥವಾ ಅರ್ಥವಿಲ್ಲದ ರೋಮನ್ ಅಕ್ಷರಗಳು. ಇವೆರಡೂ ಒಂದೇ ರೋಗ ಅಲ್ಲ. ಚೌಕ ಕಂಡರೆ ಅಕ್ಷರದ ಸಂಕೇತ ಸರಿಯಾಗಿ ಬಂದಿದೆ, ಅದನ್ನು ಬಿಡಿಸಲು ಬೇಕಾದ ಕನ್ನಡ ಫಾಂಟ್ ಇಲ್ಲ. ಒಂದು ಯುನಿಕೋಡ್ ಫಾಂಟ್ ಹಾಕಿದರೆ ಸಾಕು. ರೋಮನ್ ಗೊಂದಲ ಕಂಡರೆ ಆ ಕಡತವನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಲಾಗಿದೆ. ಆ ವ್ಯವಸ್ಥೆಯಲ್ಲಿ ಇಂಗ್ಲಿಷಿನ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಅದೇ ಫಾಂಟ್ ಇಲ್ಲದ ಯಂತ್ರಕ್ಕೆ ಕಾಣುವುದು ಕೆಳಗಿನ ಇಂಗ್ಲಿಷ್ ಸಂಕೇತ ಮಾತ್ರ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯುನಿಕೋಡಿಗೆ ತಿರುಗಿಸಬೇಕು.

ಮೂರನೆಯದು, ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿರುವುದು. ಪರದೆಯ ಮೇಲೆ ‘ಗೂಳೂರು’ ಮೂರೇ ಅಕ್ಷರ, ಆದರೆ ಯುನಿಕೋಡಿನಲ್ಲಿ ಅದು ಆರು ಸಂಕೇತಗಳ ಸಾಲು: ಮೂರು ವ್ಯಂಜನ, ಮೂರು ಸ್ವರಚಿಹ್ನೆ. ‘ಸ್ತ್ರೀ’ ಒಂದೇ ಅಕ್ಷರವಾದರೂ ಅದಕ್ಕೂ ಆರು ಸಂಕೇತ. ಇವನ್ನು ಕೂಡಿಸಿ ಒಂದು ಆಕಾರ ಮಾಡುವ ಕೆಲಸ ತಂತ್ರಾಂಶದ್ದು. ಹಳೆಯ ತಂತ್ರಾಂಶಗಳಿಗೆ ಈ ಜೋಡಣೆ ಬಾರದು. ಹೊಸ ಆವೃತ್ತಿ ಹಾಕಿಸಿ, ಮಾನಿಟರನ್ನು ದೂರಬೇಡಿ.

ಎಲ್ಲಿ ಕೈ ಬಿಡಬೇಕು

ಡಬ್ಬದ ಮುಚ್ಚಳ ತೆಗೆಯಬಹುದು, ಕುಂಚದಿಂದ ದೂಳು ಗುಡಿಸಬಹುದು, ಇರುವೆ ಗೂಡು ಕಟ್ಟಿದ್ದರೆ ಬಿಡಿಸಬಹುದು. ಎಸ್‌ಎಂಪಿಎಸ್ಸನ್ನು ಮಾತ್ರ ಬಿಚ್ಚಬಾರದು. 230 ವೋಲ್ಟನ್ನು ನೇರ ವಿದ್ಯುತ್ತಾಗಿಸಿದಾಗ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಅಟ್ಟದ ಮೇಲೆ ಹಳೆಯ ದಪ್ಪ ಬೆನ್ನಿನ ಮಾನಿಟರ್ ಇದ್ದರೆ ಅದು ಇನ್ನೂ ಅಪಾಯದ್ದು. ಬಣ್ಣದ ಚಿತ್ರನಳಿಕೆ ಇಪ್ಪತ್ತು ಸಾವಿರ ವೋಲ್ಟಿನ ಮೇಲೆ ಕೆಲಸ ಮಾಡುತ್ತದೆ. ಆ ನಳಿಕೆಯ ಗಾಜಿನಲ್ಲಿ ಸೀಸ ಇದೆ, ಎಲ್ಇಡಿಗಿಂತ ಹಿಂದಿನ ಚಪ್ಪಟೆ ಮಾನಿಟರುಗಳ ದೀಪದಲ್ಲಿ ಪಾದರಸ ಇದೆ. ಇವು ತಿಪ್ಪೆಗಾಗಲಿ ಕೆರೆಯ ಅಂಗಳಕ್ಕಾಗಲಿ ಹೋಗಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ಯಂತ್ರಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಮರುಬಳಕೆದಾರರಿಗೇ ಕೊಡಿ.

ಅಂಗಡಿಗೆ ಹೋಗಲೇಬೇಕಾದರೆ ಒಂದು ಚೀಟಿ ಬರೆದುಕೊಂಡು ಹೋಗಿ. ನಮ್ ಲಾಕ್ ಹತ್ತಿತೇ, ಮಾನಿಟರಿನ ಮೆನು ಕಂಡಿತೇ, ಟಿವಿಯಲ್ಲಿ ಚಿತ್ರ ಬಂತೇ, ಟಾರ್ಚಿಗೆ ಏನು ಕಾಣಿಸಿತು, ತೊಂದರೆ ಶುರುವಾದ ದಿನ ಗುಡುಗಿತ್ತೇ, ಕರೆಂಟು ಹೋಗಿ ಬಂದಿತ್ತೇ, ಯಾರಾದರೂ ಹೊಸ ತಂತ್ರಾಂಶ ಹಾಕಿದ್ದರೇ, ಇಷ್ಟು ಇದ್ದರೆ ಸಾಕು. ಮಾನಿಟರ್ ಕೆಟ್ಟದ್ದಾದರೆ ಮಾನಿಟರನ್ನು ಮಾತ್ರ ಒಯ್ಯಿರಿ, ಡಬ್ಬ ಮನೆಯಲ್ಲೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪರದೆ ಕಪ್ಪಾದ ಮಾತ್ರಕ್ಕೆ ನಿಮ್ಮ ಫೋಟೋ, ಕಡತ ಯಾವುದೂ ಹೋಗಿರುವುದಿಲ್ಲ. ಅವು ಹಾರ್ಡ್ ಡಿಸ್ಕಿನಲ್ಲಿ ಇದ್ದಂತೆಯೇ ಇರುತ್ತವೆ. ಪರದೆಯ ತೊಂದರೆಗೆ ಯಾರಾದರೂ ಫಾರ್ಮ್ಯಾಟ್ ಮಾಡುತ್ತೇವೆ ಎಂದರೆ, ಮೊದಲು ಕಡತಗಳ ಪ್ರತಿ ತೆಗೆದುಕೊಡಿ ಎಂದು ಕೇಳಿ. ಕೊಡದಿದ್ದರೆ ಯಂತ್ರವನ್ನು ವಾಪಸು ತನ್ನಿ.